ಗ್ರಾನೈಟ್ ಕಟಿಂಗ್ ಮಾಡುವವರ ಕೆಮ್ಮು: ಟಿಬಿ ಅನ್ನುವ ಮೊದಲು ಕೆಲಸ ಏನು ಅಂತ ಕೇಳಬೇಕು

ಪ್ರಶ್ನೆ: ನಾವು ಸಿಂಧನೂರು ಕಡೆಯವರು. ಬೆಂಗಳೂರಿಗೆ ಬಂದು ಹನ್ನೊಂದು ವರ್ಷ ಆಯಿತು. ನಮ್ಮ ಯಜಮಾನರಿಗೆ 34 ವರ್ಷ. ಬಂದಾಗಿನಿಂದ ಗ್ರಾನೈಟ್ ಕಟಿಂಗ್, ಫಿಟಿಂಗ್ ಕೆಲಸವೇ. ಅಡುಗೆಕಟ್ಟೆ, ಮೆಟ್ಟಿಲು, ಹೊಸ್ತಿಲು ಇಂಥವು. ಐದಾರು ತಿಂಗಳಿಂದ ಒಣಕೆಮ್ಮು. ಈಗ ಎರಡನೇ ಮಹಡಿ ಹತ್ತಿದರೆ ಏದುಸಿರು ಬಂದು ಕೂತುಬಿಡುತ್ತಾರೆ. ತೂಕವೂ ಇಳಿದಿದೆ. ಹತ್ತಿರದ ಕ್ಲಿನಿಕ್‌ನಲ್ಲಿ ಎಕ್ಸ್‌ರೇ ನೋಡಿ ಟಿಬಿ ಅಂತ ಮಾತ್ರೆ ಶುರು ಮಾಡಿದರು. ಕಫ ಪರೀಕ್ಷೆ ಮಾಡಿಸಿಲ್ಲ. ಎರಡು ತಿಂಗಳಾದರೂ ಕೆಮ್ಮು ಕಡಿಮೆಯಾಗಿಲ್ಲ. ಮೂಗಿಗೆ ಟವೆಲ್ ಕಟ್ಟಿಕೊಂಡೇ ಕೆಲಸ ಮಾಡುತ್ತಾರೆ, ದಿನಾ ರಾತ್ರಿ ಬೆಲ್ಲ ತಿನ್ನುತ್ತಾರೆ. ಈಗ 19 ವರ್ಷದ ಮೈದುನನೂ ಇದೇ ಕೆಲಸಕ್ಕೆ ಸೇರಿದ್ದಾನೆ. ಇದು ಟಿಬಿಯೇನಾ? ಕಲ್ಲಿನ ಧೂಳಿನಿಂದ ಹೀಗಾಗುತ್ತಾ? ಮೇಸ್ತ್ರಿ ಕೈಕೆಳಗಿನ ಕೆಲಸ, ಪಿಎಫ್ ಇಲ್ಲ, ಇಎಸ್‌ಐ ಇಲ್ಲ. ನಮಗೆ ಏನಾದರೂ ಸಿಗುತ್ತಾ? ಮೈದುನನನ್ನು ಬಿಡಿಸಲಾ?

ಉತ್ತರ: ಅಮ್ಮ, ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡಿದ್ದು ಹನ್ನೊಂದು ವರ್ಷದ ಗ್ರಾನೈಟ್ ಕೆಲಸ. ಆ ವಿಷಯ ಕ್ಲಿನಿಕ್‌ನಲ್ಲಿ ಯಾರೂ ಕೇಳಿದ ಹಾಗೆ ಕಾಣುವುದಿಲ್ಲ. ಎದುರಿಗೆ ನೋಡದೆ ಕಾಯಿಲೆ ಇದೇ ಅಂತ ನಾನು ಹೇಳುವ ಹಾಗಿಲ್ಲ. ಆದರೆ ಅನುಮಾನ ಪಡಲೇಬೇಕಾದ ಕಾಯಿಲೆ ಒಂದಿದೆ. ಅದು ಸಿಲಿಕೋಸಿಸ್. ಕಲ್ಲಿನ ಧೂಳು ಒಳಗೆ ಸೇರಿ ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ. ನಿಮ್ಮ ಯಜಮಾನರಿಗೆ ಅದೊಂದೇ ಇರಬಹುದು, ಟಿಬಿಯೊಂದೇ ಇರಬಹುದು, ಎರಡೂ ಒಟ್ಟಿಗೆ ಇರಬಹುದು. ಎರಡೂ ಒಟ್ಟಿಗೆ ಇರುವುದು ಕಲ್ಲು ಕೆಲಸದವರಲ್ಲಿ ಅಪರೂಪವೇನಲ್ಲ.

ಈ ವಾರವೇ ಆಗಬೇಕಾದ್ದನ್ನು ಮೊದಲು ಹೇಳಿಬಿಡುತ್ತೇನೆ. ಟಿಬಿ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಟಿಬಿ ನಿಜವಾಗಿಯೂ ಇದ್ದರೆ, ಅರ್ಧಕ್ಕೆ ಬಿಟ್ಟ ಮಾತ್ರೆಯಿಂದ ಔಷಧಕ್ಕೆ ಬಗ್ಗದ ಟಿಬಿ ಆಗಬಹುದು. ಪರೀಕ್ಷೆ ಮುಗಿಯುವವರೆಗೆ ಕಟಿಂಗ್ ಮಿಷಿನ್ ಮುಟ್ಟುವುದು ಬೇಡ. ಇರುವ ಎಕ್ಸ್‌ರೇ, ಮಾತ್ರೆ ಚೀಟಿ, ಖಾಲಿ ಸ್ಟ್ರಿಪ್ ಎಲ್ಲ ತೆಗೆದುಕೊಂಡು ಸರ್ಕಾರಿ ಆಸ್ಪತ್ರೆಯ ಎದೆರೋಗ ವಿಭಾಗಕ್ಕೆ ಹೋಗಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಹತ್ತಿರವೇ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ. ಹಳಬರು ಅದನ್ನು ಟಿಬಿ ಸ್ಯಾನಟೋರಿಯಂ ಅಂತ ಕರೆಯುತ್ತಾರೆ. ಊರಿಗೆ ಹೋಗುವುದಾದರೆ ರಾಯಚೂರಿನ ರಿಮ್ಸ್ ಇದೆ. ಕೆಮ್ಮಿದಾಗ ರಕ್ತ ಬಂದರೆ, ಇದ್ದಕ್ಕಿದ್ದ ಹಾಗೆ ಒಂದು ಬದಿ ಎದೆ ನೋವು ಬಂದು ಉಸಿರು ಕಟ್ಟಿದರೆ, ತುಟಿ ನೀಲಿಯಾದರೆ ನಾಳೆ ನೋಡೋಣ ಅನ್ನಬೇಡಿ. ಆಗ 108ಕ್ಕೆ ಫೋನ್ ಮಾಡಿ.

ಡಾಕ್ಟರ ಮುಂದೆ ಕೂತಾಗ ಕೆಮ್ಮಿನ ಜೊತೆಗೆ ಕೆಲಸವನ್ನೂ ಹೇಳಬೇಕು. ‘ಕೂಲಿ ಕೆಲಸ’ ಅಂತಷ್ಟೇ ಹೇಳಿದರೆ ಏನೂ ಹೇಳಿದ ಹಾಗಲ್ಲ. ‘ಹನ್ನೊಂದು ವರ್ಷದಿಂದ ಗ್ರಾನೈಟ್ ಕೊಯ್ಯುತ್ತೇನೆ, ಪಾಲಿಷ್ ಹೊಡೆಯುತ್ತೇನೆ, ನೀರು ಹಾಕದೆ ಒಣಗಲ್ಲನ್ನೇ ಕೊಯ್ಯುವುದು, ಬಹುತೇಕ ಮುಚ್ಚಿದ ಕೋಣೆಯೊಳಗೆ’ ಎಂದು ಹೇಳಬೇಕು. ಯಾವ ಕಲ್ಲು, ಯಾವ ಮಿಷಿನ್, ದಿನಕ್ಕೆ ಎಷ್ಟು ಹೊತ್ತು, ಎಷ್ಟು ವರ್ಷ, ಎಲ್ಲ ಹೇಳಿ. ಅದನ್ನು ಚೀಟಿಯಲ್ಲಿ ಬರೆಯಿರಿ ಅಂತ ಡಾಕ್ಟರನ್ನೇ ಕೇಳಿ. ಸಂಕೋಚ ಬೇಡ. ಕಾಯಿಲೆ ಗುರುತಿಸುವುದಕ್ಕೂ ಆ ಸಾಲು ಬೇಕು, ಮುಂದೆ ಪರಿಹಾರ ಕೇಳುವಾಗಲೂ ಬೇಕು. ಓಪಿಡಿಯ ನೂಕುನುಗ್ಗಲಿನಲ್ಲಿ ಈ ಪ್ರಶ್ನೆ ಕೇಳಲು ಎಷ್ಟೋ ವೈದ್ಯರಿಗೆ ಪುರಸೊತ್ತು ಇರುವುದಿಲ್ಲ. ಹಾಗಾಗಿ ನೀವೇ ಹೇಳಬೇಕಾಗುತ್ತದೆ.

ಈಗ ಧೂಳಿನ ವಿಷಯಕ್ಕೆ ಬರೋಣ. ಅಡುಗೆಕಟ್ಟೆಗೆ ಸಿಂಕ್ ಕೂರಿಸಲು ಗ್ರಾನೈಟ್‌ನಲ್ಲಿ ಹೋಲ್ ಹೊಡೆಯುವುದನ್ನು ನೀವೂ ನೋಡಿರಬಹುದು. ನಾಲ್ಕಿಂಚಿನ ಬ್ಲೇಡ್ ನಿಮಿಷಕ್ಕೆ ಹತ್ತು ಸಾವಿರಕ್ಕೂ ಹೆಚ್ಚು ಸುತ್ತು ಸುತ್ತುತ್ತದೆ. ಬ್ಲೇಡ್ ಕಲ್ಲಿಗೆ ತಾಗಿದ ಕೂಡಲೇ ಬಿಳಿ ಹೊಗೆ ಎದ್ದು, ಅರ್ಧ ನಿಮಿಷದಲ್ಲಿ ಎದುರಿಗಿನ ಗೋಡೆ ಕಾಣದ ಹಾಗಾಗುತ್ತದೆ. ಕೆಲಸಗಾರನ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗುತ್ತವೆ. ಆ ಬಿಳಿ ಧೂಳಿಗೆ ನಾನು ಅಷ್ಟು ಹೆದರುವುದಿಲ್ಲ. ಅದು ದಪ್ಪ ಧೂಳು. ಮೂಗು, ಗಂಟಲಲ್ಲೇ ನಿಲ್ಲುತ್ತದೆ, ಕೆಮ್ಮಿದರೆ, ಸೀನಿದರೆ ಹೊರಗೆ ಬರುತ್ತದೆ. ಅದರ ಜೊತೆಗೆ ಕಣ್ಣಿಗೆ ಕಾಣದ ನುಣುಪು ಧೂಳೂ ಏಳುತ್ತದೆ. ಅದರ ಕಣ ನಮ್ಮ ತಲೆಕೂದಲಿನ ದಪ್ಪದಲ್ಲಿ ಹತ್ತನೇ ಒಂದು ಭಾಗಕ್ಕಿಂತಲೂ ಸಣ್ಣದು. ಮಿಷಿನ್ ನಿಲ್ಲಿಸಿ, ಕೋಣೆ ತಿಳಿಯಾಗಿ, ಎಲ್ಲರೂ ಟವೆಲ್ ಬಿಚ್ಚಿ ಟೀ ಕುಡಿಯಲು ಕೂತ ಮೇಲೂ ಆ ಧೂಳು ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತಿರುತ್ತದೆ.

ಅದು ಶ್ವಾಸಕೋಶದ ತೀರಾ ಒಳಗೆ, ಗಾಳಿ ರಕ್ತಕ್ಕೆ ಸೇರುವ ಜಾಗದವರೆಗೂ ಹೋಗುತ್ತದೆ. ಅಲ್ಲಿ ಕಸ ನುಂಗಿ ಸ್ವಚ್ಛ ಮಾಡುವ ಕಾವಲು ಕೋಶಗಳಿವೆ. ಅವು ಈ ಧೂಳಿನಲ್ಲಿರುವ ಸಿಲಿಕಾ ಅನ್ನುವ ಖನಿಜದ ಹರಳನ್ನು ನುಂಗುತ್ತವೆ, ಆದರೆ ಅರಗಿಸಿಕೊಳ್ಳಲಾರದೆ ಸಾಯುತ್ತವೆ. ಹರಳು ಮತ್ತೆ ಹೊರಗೆ ಬೀಳುತ್ತದೆ, ಇನ್ನೊಂದು ಕೋಶ ನುಂಗುತ್ತದೆ, ಅದೂ ಸಾಯುತ್ತದೆ. ಹೀಗೆ ಸತ್ತ ಜಾಗದಲ್ಲೆಲ್ಲ ಗಾಯದ ಕಲೆಯ ಹಾಗೆ ಗಂಟು ಕಟ್ಟುತ್ತದೆ. ಗಂಟು ಜಾಸ್ತಿಯಾದಷ್ಟೂ ಉಸಿರಾಡುವ ಜಾಗ ಕಡಿಮೆ. ಮೊದಮೊದಲು ಮಹಡಿ ಹತ್ತುವಾಗ ಏದುಸಿರು, ಆಮೇಲೆ ಸಮತಟ್ಟು ನೆಲದಲ್ಲೂ ಏದುಸಿರು. ಧೂಳು ಬಿಟ್ಟ ಮೇಲೂ ಕಾಯಿಲೆ ನಿಧಾನವಾಗಿ ಮುಂದುವರಿಯಬಹುದು. ಏಕೆಂದರೆ ಒಳಗೆ ಹೋದ ಹರಳು ಅಲ್ಲೇ ಇರುತ್ತದೆ.

ಟಿಬಿ ಬೇಗ ಹಿಡಿಯುವುದೂ ಇದೇ ಕಾರಣಕ್ಕೆ. ಟಿಬಿ ಕ್ರಿಮಿಯನ್ನು ತಡೆಯಬೇಕಾದದ್ದು ಅವೇ ಕಾವಲು ಕೋಶಗಳು. ಸಿಲಿಕೋಸಿಸ್ ಇದ್ದವರಿಗೆ ಟಿಬಿ ಬರುವ ಸಾಧ್ಯತೆ ಬೇರೆಯವರಿಗಿಂತ ಹಲವು ಪಟ್ಟು ಹೆಚ್ಚು. ಶ್ವಾಸಕೋಶದ ಕ್ಯಾನ್ಸರ್ ಭಯವೂ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1997ರಲ್ಲೇ ಸಿಲಿಕಾ ಹರಳಿನ ಧೂಳನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ನಿಮ್ಮ ಯಜಮಾನರು ಬೀಡಿ, ಸಿಗರೇಟ್ ಸೇದುತ್ತಿದ್ದರೆ ಅದನ್ನು ಇವತ್ತೇ ಬಿಡಬೇಕು. ಧೂಳು ಮತ್ತು ಹೊಗೆ ಸೇರಿದರೆ ಹಾನಿ ಇನ್ನೂ ಜಾಸ್ತಿ.

ಇದು ನಮ್ಮ ನಾಡಿಗೆ ಹೊಸ ಕಾಯಿಲೆಯೇನಲ್ಲ. ಕೆಜಿಎಫ್ ಚಿನ್ನದ ಗಣಿಯ ಕಾರ್ಮಿಕರಲ್ಲಿ ಸಿಲಿಕೋಸಿಸ್ ಇದೆ ಎಂದು 1934ರಲ್ಲೇ ವರದಿಯಾಗಿತ್ತು. ಭಾರತದಲ್ಲಿ ಈ ಕಾಯಿಲೆಯ ಮೊದಲ ವರದಿ ಅದೇ ಎಂದು ವೈದ್ಯರು ಲೆಕ್ಕ ಹಾಕುತ್ತಾರೆ. 1940ರ ದಶಕದಲ್ಲಿ ಅಲ್ಲಿ 7,653 ಕಾರ್ಮಿಕರನ್ನು ಪರೀಕ್ಷಿಸಿದಾಗ ಶೇ 40ಕ್ಕೂ ಹೆಚ್ಚು ಜನರಲ್ಲಿ ಕಾಯಿಲೆ ಕಂಡಿತ್ತು. ಕೆಜಿಎಫ್‌ನವರಿಗೆ ಒಂದು ಕಂಪನಿ ಇತ್ತು, ಗಣಿಯದೇ ಆಸ್ಪತ್ರೆ ಇತ್ತು, ಹಾಜರಿ ಪುಸ್ತಕ ಇತ್ತು. ಹಾಗಾಗಿ ಯಾರು ಎಷ್ಟು ವರ್ಷ ಕೆಲಸ ಮಾಡಿದರು ಅಂತ ಎಣಿಸಲು ಆಯಿತು. ನಿಮ್ಮ ಯಜಮಾನರಂಥವರು ಇವತ್ತು ಈ ಅಪಾರ್ಟ್‌ಮೆಂಟ್, ಮುಂದಿನ ವಾರ ಇನ್ನೊಂದು. ಅವರನ್ನು ಎಣಿಸಿದವರು ಯಾರೂ ಇಲ್ಲ. ಕೆಮ್ಮು ಜಾಸ್ತಿಯಾದ ಮೇಲೆ ಊರಿಗೆ ಹೋಗಿಬಿಡುತ್ತಾರೆ, ಅಲ್ಲಿ ಟಿಬಿ ಅಂತ ಬರೆಯುತ್ತಾರೆ. ಈ ವಿಷಯ ನನ್ನನ್ನು ಬಹಳ ಕಾಡುತ್ತದೆ.

ಎಕ್ಸ್‌ರೇಯಲ್ಲಿ ಎರಡೂ ಕಾಯಿಲೆ ಒಂದೇ ಥರ ಕಾಣಬಹುದು. ಸಿಲಿಕೋಸಿಸ್‌ನಲ್ಲಿ ಸಾಮಾನ್ಯವಾಗಿ ಎರಡೂ ಶ್ವಾಸಕೋಶದ ಮೇಲ್ಭಾಗದಲ್ಲಿ ರಾಗಿ ಕಾಳು ಚೆಲ್ಲಿದ ಹಾಗೆ ಸಣ್ಣ ಸಣ್ಣ ಚುಕ್ಕೆಗಳು ಇರುತ್ತವೆ. ಟಿಬಿಗೂ ಮೇಲ್ಭಾಗವೇ ಇಷ್ಟ. ಕೆಲಸ ಏನು ಅಂತ ಗೊತ್ತಿಲ್ಲದೆ ಫಿಲ್ಮ್ ನೋಡಿದರೆ ಯಾರೇ ಆದರೂ ಮೊದಲು ಟಿಬಿ ಅನ್ನುತ್ತಾರೆ. ಆದ್ದರಿಂದ ಎಕ್ಸ್‌ರೇ ಒಂದನ್ನೇ ನಂಬಿ ಕೂರುವ ಹಾಗಿಲ್ಲ. ಕಫವನ್ನು ಸಿಬಿನ್ಯಾಟ್ ಪರೀಕ್ಷೆಗೆ ಕೊಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಇದು ಉಚಿತ. ಟಿಬಿ ಕ್ರಿಮಿ ಇದೆಯೇ, ಮುಖ್ಯ ಮಾತ್ರೆಗೆ ಬಗ್ಗುತ್ತದೆಯೇ ಅನ್ನುವ ಎರಡೂ ಅದರಲ್ಲಿ ತಿಳಿಯುತ್ತವೆ. ನಿಮ್ಮವರು ಈಗಾಗಲೇ ಎರಡು ತಿಂಗಳು ಮಾತ್ರೆ ತಿಂದಿರುವುದರಿಂದ ಫಲಿತಾಂಶ ಓದುವುದು ಸ್ವಲ್ಪ ಕಷ್ಟ. ಡಾಕ್ಟರು ಕಫದಲ್ಲಿನ ಕ್ರಿಮಿಯನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯನ್ನೂ ಕೇಳಬಹುದು. ಅದರ ಫಲಿತಾಂಶಕ್ಕೆ ಕೆಲವು ವಾರ ಹಿಡಿಯುತ್ತದೆ, ಕಾಯಿರಿ. ಒಣಕೆಮ್ಮಾದ್ದರಿಂದ ಕಫ ಬರುವುದಿಲ್ಲ ಅಂತ ಎಂಜಲು ಉಗಿದು ಕೊಟ್ಟರೆ ಪ್ರಯೋಜನವಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಆಳವಾಗಿ ಉಸಿರೆಳೆದು ಕೆಮ್ಮಿ ತೆಗೆದ ಕಫ ಬೇಕು. ಅದೂ ಬರದಿದ್ದರೆ ಉಪ್ಪುನೀರಿನ ಆವಿ ಕೊಟ್ಟು ಕಫ ಬರಿಸುವ ವಿಧಾನ ಆಸ್ಪತ್ರೆಯಲ್ಲಿದೆ.

ಜೊತೆಗೆ ಎದೆಯ ಸಿಟಿ ಸ್ಕ್ಯಾನ್ ಮತ್ತು ಕೊಳವೆಯಲ್ಲಿ ಊದಿಸುವ ಶ್ವಾಸಕೋಶದ ಪರೀಕ್ಷೆ ಬೇಕಾಗಬಹುದು. ಊದುವ ಪರೀಕ್ಷೆಯ ಕಾಗದವನ್ನು ಜೋಪಾನ ಮಾಡಿ. ವರ್ಷದಿಂದ ವರ್ಷಕ್ಕೆ ಉಸಿರು ಎಷ್ಟು ಇಳಿದಿದೆ ಅಂತ ಹೋಲಿಸಲು ಅದೇ ಆಧಾರ. ಬೆಂಗಳೂರಿನಲ್ಲಿ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ದಕ್ಷಿಣ ಪ್ರಾದೇಶಿಕ ಕೇಂದ್ರವೂ ಇದೆ. ಅದು ಸಂಶೋಧನಾ ಕೇಂದ್ರ. ಆದರೂ ಅನುಮಾನ ಇದ್ದರೆ ನಿಮ್ಮ ವೈದ್ಯರು ಅವರ ಅಭಿಪ್ರಾಯ ಕೇಳಬಹುದು.

ಟಿಬಿ ಇದೆ ಅಂತ ಖಚಿತವಾದರೆ ಮಾತ್ರೆ ಪೂರ್ತಿ ತಿನ್ನಬೇಕು. ಸಿಲಿಕೋಸಿಸ್ ಜೊತೆಗಿದ್ದರೆ ಮಾಮೂಲಿ ಆರು ತಿಂಗಳಿಗಿಂತ ಹೆಚ್ಚು ದಿನ ಬೇಕಾಗಬಹುದು, ವೈದ್ಯರು ನಿರ್ಧರಿಸುತ್ತಾರೆ. ಟಿಬಿ ರೋಗಿಗಳ ಹೆಸರು ದಾಖಲಿಸುವ ಸರ್ಕಾರದ ನಿಕ್ಷಯ್ ಪೋರ್ಟಲ್‌ನಲ್ಲಿ ಹೆಸರು ಬರೆಸಿದ್ದಾರಾ ಅಂತ ಕ್ಲಿನಿಕ್‌ನಲ್ಲಿ ಕೇಳಿ. ಖಾಸಗಿ ವೈದ್ಯರೂ ಬರೆಸಲೇಬೇಕು. ಹೆಸರಿದ್ದರೆ ಮಾತ್ರೆ ಉಚಿತ, ಪೌಷ್ಟಿಕ ಆಹಾರಕ್ಕೆಂದು ತಿಂಗಳಿಗೆ 1,000 ರೂಪಾಯಿ ಬ್ಯಾಂಕ್ ಖಾತೆಗೆ ಬರುತ್ತದೆ. ಊರಿಗೆ ಹೋದರೂ ಆ ನಂಬರ್ ತೋರಿಸಿ ಅಲ್ಲೇ ಮಾತ್ರೆ ಪಡೆಯಬಹುದು. ಮನೆಯಲ್ಲಿರುವ ಎಲ್ಲರಿಗೂ ಟಿಬಿ ತಪಾಸಣೆ ಆಗಬೇಕು. ಐದು ವರ್ಷದೊಳಗಿನ ಮಗು ಇದ್ದರೆ ಆ ವಿಷಯ ಮೊದಲೇ ಹೇಳಿ.

ಇನ್ನು ಸಿಲಿಕೋಸಿಸ್ ಅಂತಾದರೆ ನಾನು ಸುಳ್ಳು ಸಮಾಧಾನ ಹೇಳುವುದಿಲ್ಲ. ಕಟ್ಟಿದ ಗಂಟನ್ನು ಕರಗಿಸುವ ಔಷಧ ಇಲ್ಲ. ಆದರೆ ಈಗಲೇ ಧೂಳು ಬಿಟ್ಟರೆ ಕಾಯಿಲೆ ನಿಧಾನವಾಗಬಹುದು, ಆ ನಿಧಾನದಲ್ಲಿ ವರ್ಷಗಳು ಸಿಗುತ್ತವೆ. 34ರ ವಯಸ್ಸಿನಲ್ಲಿ ಅದು ಸಣ್ಣ ಲಾಭ ಅಲ್ಲ. ಉಸಿರು ಸಡಿಲ ಮಾಡುವ ಇನ್‌ಹೇಲರ್, ಉಸಿರಾಟದ ವ್ಯಾಯಾಮ, ಫ್ಲೂ ಮತ್ತು ನ್ಯುಮೋನಿಯಾ ಲಸಿಕೆ ಇವೆಲ್ಲ ಉಪಯೋಗಕ್ಕೆ ಬರುತ್ತವೆ. ಸದ್ಯ ಟಿಬಿ ಇಲ್ಲ ಅಂತಾದರೂ ಮುಂದೆ ಬರದಂತೆ ತಡೆಯುವ ಮಾತ್ರೆಯ ಬಗ್ಗೆ ವೈದ್ಯರನ್ನು ಕೇಳಿ. ಸಿಲಿಕೋಸಿಸ್ ಇರುವವರಿಗೆ ಅದನ್ನು ಕೊಡಬಹುದು ಅಂತ ನಮ್ಮ ರಾಷ್ಟ್ರೀಯ ಟಿಬಿ ಕಾರ್ಯಕ್ರಮವೇ ಹೇಳುತ್ತದೆ. ಬೇಗ ಆರಾಮಾಗುತ್ತೆ ಅಂತ ಯಾರಾದರೂ ಸ್ಟೀರಾಯ್ಡ್ ಇಂಜೆಕ್ಷನ್ ಕೊಡಲು ಬಂದರೆ, ಟಿಬಿ ವಿಷಯ ತೀರ್ಮಾನವಾಗುವವರೆಗೆ ಬೇಡ ಅನ್ನಿ.

ಬೆಲ್ಲದ ವಿಷಯ ಬರೆದಿದ್ದೀರಿ. ಬೆಲ್ಲ ತಿಂದರೆ ಒಳಗಿನ ಧೂಳು ಇಳಿಯುತ್ತದೆ ಅನ್ನುವ ನಂಬಿಕೆ ಕಲ್ಲು ಕೆಲಸದವರಲ್ಲಿ ಬಹಳ ಹಳೆಯದು. ಕೆಲವರು ಬಾಳೆಹಣ್ಣು ಅನ್ನುತ್ತಾರೆ, ಕೆಲವರು ಎಣ್ಣೆ ಹಾಕಿದರೆ ಧೂಳು ಇಳಿಯುತ್ತೆ ಅಂತ ಹೆಂಡ ಕುಡಿಯುತ್ತಾರೆ. ತಿಂದಿದ್ದು ಹೊಟ್ಟೆಗೆ ಹೋಗುತ್ತದೆ, ಧೂಳು ಇರುವುದು ಶ್ವಾಸಕೋಶದಲ್ಲಿ. ಬೆಲ್ಲ ಗಂಟಲಿಗೆ ಹಿತ ಅನ್ನಿಸಬಹುದು, ತಿನ್ನಲಿ. ಆದರೆ ಬೆಲ್ಲ ತಿಂದೆ, ಇನ್ನೇನೂ ಆಗಲ್ಲ ಅನ್ನುವ ಧೈರ್ಯ ಬೇಡ. ಕುಡಿತವಂತೂ ಟಿಬಿ ಮಾತ್ರೆಯ ಜೊತೆ ಸೇರಿದರೆ ಲಿವರ್ ಹಾಳುಮಾಡುತ್ತದೆ.

ಟವೆಲ್ ವಿಷಯವೂ ಅಷ್ಟೇ. ಬಟ್ಟೆಯ ಎಳೆಗಳ ನಡುವಿನ ಸಂದು ಈ ನುಣುಪು ಧೂಳಿಗೆ ದೊಡ್ಡ ಬಾಗಿಲು. ಸಂಜೆ ಟವೆಲ್ ಮೇಲೆ ಧೂಳು ಕಂಡಾಗ ‘ಅಬ್ಬಾ, ಇಷ್ಟು ತಡೆಯಿತಲ್ಲ’ ಅನ್ನಿಸುತ್ತದೆ. ತಡೆದದ್ದು ದಪ್ಪ ಧೂಳನ್ನು. ನೀಲಿ ಬಣ್ಣದ ಸರ್ಜಿಕಲ್ ಮಾಸ್ಕ್ ಕೂಡ ಸಾಲದು, ಪಕ್ಕದಿಂದ ಗಾಳಿ ನುಗ್ಗುತ್ತದೆ. ಕನಿಷ್ಠ ಎನ್95 ಅಥವಾ ಐಎಸ್‌ಐ ಗುರುತಿನ ಎಫ್‌ಎಫ್‌ಪಿ2 ಬೇಕು. ಎರಡು ಪಟ್ಟಿಯೂ ತಲೆಯ ಹಿಂದೆ ಹೋಗಬೇಕು, ಮೂಗಿನ ಮೇಲಿನ ತಂತಿಯನ್ನು ಒತ್ತಿ ಕೂರಿಸಬೇಕು. ಗಡ್ಡ ಇದ್ದರೆ ಯಾವ ಮಾಸ್ಕೂ ಸರಿಯಾಗಿ ಕೂರುವುದಿಲ್ಲ. ಉಸಿರು ಎಳೆಯಲು ಕಷ್ಟವಾದಾಗ, ಒದ್ದೆಯಾದಾಗ, ಹರಿದಾಗ ಬದಲಿಸಬೇಕು. ಒಂದೇ ಮಾಸ್ಕನ್ನು ಒಗೆದು ಒಗೆದು ತಿಂಗಳು ಬಳಸಿದರೆ ಟವೆಲ್‌ಗೂ ಅದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ. ದಿನಾ ಕಟಿಂಗ್ ಮಾಡುವವರಿಗೆ ಫಿಲ್ಟರ್ ಬದಲಿಸುವ ರಬ್ಬರ್ ಮಾಸ್ಕ್ ಇನ್ನೂ ಒಳ್ಳೆಯದು.

ಆದರೆ ಒಂದು ಬಾಕ್ಸ್ ಮಾಸ್ಕ್ ಕೊಟ್ಟು ‘ಸೇಫ್ಟಿ ಕೊಟ್ಟಿದ್ದೇವೆ’ ಅನ್ನುವ ಕಂಟ್ರಾಕ್ಟರ್‌ಗಳ ಮಾತನ್ನು ನಾನು ಒಪ್ಪುವುದಿಲ್ಲ. ಏಪ್ರಿಲ್ ಬಿಸಿಲಿನಲ್ಲಿ, ಶೀಟ್ ಹಾಕಿದ ಶೆಡ್‌ನಲ್ಲಿ, ಎಂಟು ಗಂಟೆ ಬಿಗಿ ಮಾಸ್ಕ್ ಹಾಕಿಕೊಂಡು ಕಲ್ಲು ಎತ್ತಿ ನೋಡಲಿ. ಯಾರಿಂದಲೂ ಆಗುವುದಿಲ್ಲ. ಅದೂ ಅಲ್ಲದೆ ಒಣಗಲ್ಲು ಕೊಯ್ಯುವಾಗ ಏಳುವ ಧೂಳು ಎಷ್ಟಿರುತ್ತದೆಂದರೆ ಎನ್95 ಹಾಕಿಕೊಂಡರೂ ಒಳಗೆ ಹೋಗುವುದು ಹೆಚ್ಚೇ. ಧೂಳು ಏಳದ ಹಾಗೆ ಮಾಡುವುದು ಮೊದಲು, ಮಾಸ್ಕ್ ಆಮೇಲೆ.

ಧೂಳು ಏಳದ ಹಾಗೆ ಮಾಡಲು ನೀರೇ ದಾರಿ. ಬ್ಲೇಡ್ ಕಲ್ಲಿಗೆ ತಾಗುವ ಜಾಗಕ್ಕೆ ಬಿಡದೆ ನೀರು ಬಿದ್ದರೆ ಧೂಳು ಕೆಸರಾಗಿ ಕೆಳಗೆ ಹರಿಯುತ್ತದೆ. ಕೊಯ್ಯುವ ಮೊದಲು ಕಲ್ಲಿಗೆ ಒಂದು ಚೊಂಬು ನೀರು ಚಿಮುಕಿಸಿದರೆ ಸಾಲದು, ಎರಡೇ ಸೆಕೆಂಡಿಗೆ ಒಣಗುತ್ತದೆ. ಎಷ್ಟೋ ಕಡೆ ಹೆಲ್ಪರ್ ಹುಡುಗ ಬಾಟಲಿ ಮುಚ್ಚಳಕ್ಕೆ ತೂತು ಮಾಡಿ ಬ್ಲೇಡ್ ಮೇಲೆ ನೀರು ಬಿಡುತ್ತಾ ಕೂರುತ್ತಾನೆ. ಅದರಲ್ಲಿ ಇನ್ನೊಂದು ಅಪಾಯ ಇದೆ. ಮಾಮೂಲಿ ಹ್ಯಾಂಡ್ ಗ್ರೈಂಡರ್ ನೀರಿಗೆ ಮಾಡಿದ ಮಿಷಿನ್ ಅಲ್ಲ. ಮೋಟಾರಿನೊಳಗೆ ನೀರು ಹೋದರೆ ಕರೆಂಟ್ ಹೊಡೆಯುತ್ತದೆ. ಧೂಳಿನಿಂದ ಉಳಿಯಲು ಹೋಗಿ ಶಾಕ್‌ನಿಂದ ಜೀವ ಹೋಗಬಾರದು. ನೀರಿನ ಪೈಪ್ ಜೋಡಿಸುವ ವ್ಯವಸ್ಥೆ ಇರುವ ಮಾರ್ಬಲ್ ಕಟರ್ ಬರುತ್ತದೆ, ಅದನ್ನೇ ಬಳಸಬೇಕು. ಕರೆಂಟ್ ಬರುವ ಬೋರ್ಡಿಗೆ 30 ಮಿಲಿಆಂಪ್‌ನ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದ ಕೂಡಲೇ ತಾನಾಗಿ ಕಟ್ ಮಾಡುವ ಸ್ವಿಚ್, ಇರಲೇಬೇಕು. ವೈರ್ ತುದಿ ಸುಲಿದು ಸಾಕೆಟ್‌ಗೆ ತುರುಕಿ ಬೆಂಕಿಕಡ್ಡಿ ಚುಚ್ಚುವ ಅಭ್ಯಾಸ ಪೂರ್ತಿ ಬಿಡಬೇಕು. ವೈರ್‌ನ ಜಾಯಿಂಟ್ ನೆಲದ ನೀರಿನಲ್ಲಿ ಬಿದ್ದಿರಬಾರದು, ಕಾಲಿಗೆ ಗಮ್‌ಬೂಟ್ ಇರಬೇಕು.

ಇದಕ್ಕಿಂತ ಸುಲಭದ ದಾರಿ ಒಂದಿದೆ, ಜನ ಅದನ್ನು ಜಾಸ್ತಿ ಬಳಸುತ್ತಿಲ್ಲ. ಅಳತೆ ಮೊದಲೇ ತೆಗೆದು ಸಿಂಕ್ ಹೋಲ್, ಸ್ಟೌವ್ ಹೋಲ್, ಅಂಚಿನ ಮೋಲ್ಡಿಂಗ್ ಎಲ್ಲವನ್ನೂ ಗ್ರಾನೈಟ್ ಅಂಗಡಿಯ ನೀರಿನ ಮಿಷಿನ್‌ನಲ್ಲೇ ಮಾಡಿಸಿಕೊಂಡು ಬರುವುದು. ಸೈಟಿನಲ್ಲಿ ಬರೀ ಕೂರಿಸುವ ಕೆಲಸ. ಮನೆ ಕಟ್ಟಿಸುವವರು ಇದನ್ನು ಓದುತ್ತಿದ್ದರೆ ಕೇಳಿಕೊಳ್ಳುತ್ತೇನೆ: ಅಡುಗೆಕಟ್ಟೆಗೆ ಕಲ್ಲು ಆರಿಸುವ ದಿನವೇ ಸಿಂಕ್, ಸ್ಟೌವ್ ಯಾವುದು ಅಂತ ತೀರ್ಮಾನ ಮಾಡಿ. ನೀವು ಕಡೇ ಗಳಿಗೆಯಲ್ಲಿ ಸಿಂಕ್ ಬದಲಿಸಿದರೆ, ಒಬ್ಬ ಮನುಷ್ಯ ನಿಮ್ಮ ಅಡುಗೆಮನೆಯೊಳಗೆ ಕೂತು ಒಣಗಲ್ಲು ಕೊಯ್ಯಬೇಕಾಗುತ್ತದೆ.

ಎಲ್ಲ ಕಲ್ಲೂ ಒಂದೇ ಅಲ್ಲ. ಮಾರ್ಬಲ್, ಶಹಾಬಾದ್ ಕಲ್ಲು ಸುಣ್ಣದ ಜಾತಿಯವು, ಅವುಗಳಲ್ಲಿ ಸಿಲಿಕಾ ಕಡಿಮೆ. ಸಾದರಹಳ್ಳಿ ಕಲ್ಲು, ಇಳಕಲ್ಲಿನ ಕೆಂಪು ಗ್ರಾನೈಟ್ ಇಂಥವುಗಳಲ್ಲಿ ಹೆಚ್ಚು. ಬಾದಾಮಿಯಂಥ ಮರಳುಗಲ್ಲಿನಲ್ಲಿ ಇನ್ನೂ ಹೆಚ್ಚು. ಎಲ್ಲಕ್ಕಿಂತ ಅಪಾಯದ್ದು ಈಗ ಫ್ಯಾಶನ್ ಆಗಿರುವ ಕ್ವಾರ್ಟ್ಜ್ ಸ್ಲ್ಯಾಬ್. ಕಲ್ಲಿನ ಪುಡಿಗೆ ರಾಳ ಸೇರಿಸಿ ಫ್ಯಾಕ್ಟರಿಯಲ್ಲಿ ಎರಕ ಹೊಯ್ಯುವ ಈ ಸ್ಲ್ಯಾಬ್‌ನಲ್ಲಿ ಸಿಲಿಕಾ ಶೇ 90ರ ಮೇಲೂ ಇರಬಹುದು. ಇದನ್ನು ಕೊಯ್ದ ಎಳೆ ವಯಸ್ಸಿನ ಕೆಲಸಗಾರರು ಕೆಲವೇ ವರ್ಷಗಳಲ್ಲಿ ಕಾಯಿಲೆ ಬಿದ್ದಿದ್ದರಿಂದ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಅದನ್ನು ಪೂರ್ತಿ ನಿಷೇಧಿಸಿತು. ನಮ್ಮಲ್ಲಿ ಅದು ಶೋರೂಮ್‌ಗಳಲ್ಲಿ ರಾಜಾರೋಷವಾಗಿ ಮಾರಾಟವಾಗುತ್ತಿದೆ. ನಿಮ್ಮ ಯಜಮಾನರು ಕ್ವಾರ್ಟ್ಜ್ ಕೂಡ ಕೊಯ್ದಿದ್ದರೆ ಡಾಕ್ಟರಿಗೆ ಅದನ್ನು ಬೇರೆಯಾಗಿ ಹೇಳಿ.

ಮನೆಯ ವಿಷಯ ಎರಡು ಮಾತು. ಕೆಲಸದ ಬಟ್ಟೆಯನ್ನು ಬಾಗಿಲಲ್ಲಿ ನಿಂತು ಜಾಡಿಸಬೇಡಿ. ಆ ಧೂಳು ನಿಮ್ಮ ಮೂಗಿಗೂ ಮಕ್ಕಳ ಮೂಗಿಗೂ ಹೋಗುತ್ತದೆ. ನೇರ ಬಕೆಟ್ ನೀರಿನಲ್ಲಿ ಮುಳುಗಿಸಿ, ಆಮೇಲೆ ಬೇರೆಯಾಗಿ ಒಗೆಯಿರಿ. ಸೈಟಿನಲ್ಲೇ ಶೆಡ್ ಹಾಕಿಕೊಂಡಿದ್ದರೆ ಗುಡಿಸುವ ಮೊದಲು ನೀರು ಚಿಮುಕಿಸಿ.

ಈಗ ದುಡ್ಡಿನ ಪ್ರಶ್ನೆ. ಪಿಎಫ್, ಇಎಸ್‌ಐ ಇಲ್ಲ ಅಂದ ಮಾತ್ರಕ್ಕೆ ಹಕ್ಕೇ ಇಲ್ಲ ಅಂತಲ್ಲ. ಮೊದಲು ಲೇಬರ್ ಕಾರ್ಡ್. ಕರ್ನಾಟಕ ಕಟ್ಟಡ ಮತ್ತು ಇತರೆ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ ಅದನ್ನು ಕೊಡುತ್ತದೆ. 18ರಿಂದ 60 ವರ್ಷದೊಳಗಿನ, ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದವರು ಹೆಸರು ಬರೆಸಬಹುದು. ಗ್ರಾನೈಟ್ ಫಿಟಿಂಗ್ ಕೂಡ ಕಟ್ಟಡ ಕೆಲಸವೇ. ದೊಡ್ಡ ಕಟ್ಟಡಗಳ ವೆಚ್ಚದಲ್ಲಿ ಶೇ 1ರಷ್ಟು ಸೆಸ್ ವಸೂಲಾಗಿ ಈ ಮಂಡಳಿಗೆ ಬರುತ್ತದೆ. ಅಂದರೆ ಅದು ನಿಮ್ಮ ದುಡಿಮೆಯ ಮೇಲೆ ಸೇರಿದ ಹಣ. ಯಾರದೋ ದಾನ ಅಲ್ಲ. ಕಾರ್ಡ್ ಇದ್ದರೆ ವೈದ್ಯಕೀಯ ವೆಚ್ಚಕ್ಕೆ ಸಹಾಯ, ಕೆಲಸ ಮಾಡಲಾಗದ ಸ್ಥಿತಿ ಬಂದರೆ ದುರ್ಬಲತೆ ಪಿಂಚಣಿ, ಮಕ್ಕಳ ಓದಿಗೆ ಸಹಾಯ ಇವುಗಳಿಗೆ ಅರ್ಜಿ ಹಾಕಬಹುದು. ನಿಮ್ಮ ಹತ್ತಿರ ಕಾರ್ಡ್ ಇಲ್ಲದಿದ್ದರೆ, ಯಜಮಾನರು ಈಚಿನವರೆಗೂ ಕೆಲಸದಲ್ಲಿದ್ದುದರಿಂದ ಈಗಲೇ ಅರ್ಜಿ ಹಾಕಿ. ಕೆಲಸ ಬಿಟ್ಟು ವರ್ಷ ಕಳೆದ ಮೇಲೆ 90 ದಿನದ ಲೆಕ್ಕ ತೋರಿಸುವುದು ಕಷ್ಟ. ಕಾರ್ಡ್ ಇದ್ದರೆ ನವೀಕರಣ ಆಗಿದೆಯಾ ನೋಡಿ. ದಲ್ಲಾಳಿಗಳಿಗೆ ದುಡ್ಡು ಕೊಡಬೇಡಿ. ಕಾರ್ಮಿಕ ಸಹಾಯವಾಣಿ 155214ಕ್ಕೆ ಫೋನ್ ಮಾಡಿ ಕೇಳಿ.

ಎರಡನೆಯದು ಪರಿಹಾರದ ಕಾನೂನು. ಕೆಲಸದಿಂದ ಬಂದ ಕಾಯಿಲೆಗೆ ಮಾಲೀಕರು ಪರಿಹಾರ ಕೊಡಬೇಕು ಎಂದು 1923ರಿಂದಲೇ ಕಾಯ್ದೆ ಇತ್ತು. ಆ ಕಾಯ್ದೆಯ ಕಾಯಿಲೆಗಳ ಪಟ್ಟಿಯಲ್ಲಿ ಸಿಲಿಕೋಸಿಸ್ ಇತ್ತು. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳ ಪಟ್ಟಿಯಲ್ಲೂ ಸಿಲಿಕೋಸಿಸ್ ಇದೆ, ಸಿಲಿಕೋಸಿಸ್ ಜೊತೆಗಿನ ಟಿಬಿಯೂ ಇದೆ. ಹಲವು ಮಾಲೀಕರ ಕೈಕೆಳಗೆ ದುಡಿದು ಬಂದ ಕಾಯಿಲೆಯಾದರೆ ಪರಿಹಾರವನ್ನು ಅವರ ನಡುವೆ ಹಂಚಲು ಅವಕಾಶ ಇದೆ. ಮೇಸ್ತ್ರಿ ಕೈ ಎತ್ತಿದರೂ, ಕಟ್ಟಡ ಕಟ್ಟುವುದನ್ನೇ ವ್ಯಾಪಾರ ಮಾಡಿಕೊಂಡ ಕಂಪನಿಯನ್ನು ಹೊಣೆ ಮಾಡಬಹುದು. ತನ್ನ ಮನೆಯನ್ನು ತಾನು ಕಟ್ಟಿಸುವ ಸಣ್ಣ ಮಾಲೀಕರ ವಿಷಯದಲ್ಲಿ ಇದು ಸುಲಭವಲ್ಲ, ಅದನ್ನೂ ಹೇಳಿಬಿಡುತ್ತೇನೆ.

ಕಷ್ಟ ಇರುವುದು ಪುರಾವೆಯಲ್ಲಿ. ‘ಇವನು ನಮ್ಮಲ್ಲಿ ಕೆಲಸವೇ ಮಾಡಿಲ್ಲ’ ಅಂದುಬಿಡುತ್ತಾರೆ. ಹಾಗಾಗಿ ಇವತ್ತು ರಾತ್ರಿಯೇ ಯಜಮಾನರ ಫೋನ್ ತೆಗೆದು ನೋಡಿ. ಮೇಸ್ತ್ರಿ ಫೋನ್‌ಪೇ ಮಾಡಿದ ಬಟವಾಡೆಯ ಲೆಕ್ಕ, ‘ನಾಳೆ ಈ ಸೈಟಿಗೆ ಬಾ’ ಎಂಬ ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜ್, ಕಲ್ಲು ಕೂರಿಸಿದ ಮೇಲೆ ತೆಗೆದು ಕಳಿಸಿದ ಫೋಟೋ, ಸೈಟಿನ ಗೇಟ್ ಪಾಸ್, ಹಾಜರಿ ಚೀಟಿ, ಇವೆಲ್ಲ ಪುರಾವೆ. ಯಾವುದನ್ನೂ ಅಳಿಸಬೇಡಿ, ಬೇರೆ ಫೋನಿಗೂ ಕಳಿಸಿ ಇಟ್ಟುಕೊಳ್ಳಿ. ಹನ್ನೊಂದು ವರ್ಷದಲ್ಲಿ ಯಾವ ಯಾವ ಏರಿಯಾದಲ್ಲಿ, ಯಾವ ಮೇಸ್ತ್ರಿ ಜೊತೆ, ಯಾವ ಕಟ್ಟಡದಲ್ಲಿ ಕೆಲಸ ಮಾಡಿದರು ಅಂತ ಅವರಿಂದಲೇ ಹೇಳಿಸಿ ನೋಟ್‌ಬುಕ್‌ನಲ್ಲಿ ಬರೆಯಿರಿ. ಜೊತೆಗಿದ್ದ ಕೆಲಸಗಾರರ ಹೆಸರೂ ಇರಲಿ. ಪರಿಹಾರದ ಅರ್ಜಿಗೆ ಸಾಮಾನ್ಯವಾಗಿ ಎರಡು ವರ್ಷದ ಗಡುವು ಇರುತ್ತದೆ, ಆದ್ದರಿಂದ ಕಾಯಿಲೆ ಖಚಿತವಾದ ಮೇಲೆ ತಡ ಮಾಡಬೇಡಿ. ವಕೀಲರಿಗೆ ದುಡ್ಡಿಲ್ಲದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಕಾರ್ಮಿಕರಿಗೂ ಮಹಿಳೆಯರಿಗೂ ಅಲ್ಲಿ ವಕೀಲರು ಉಚಿತ.

ಕೆಲಸ ಬಿಟ್ಟರೆ ಊಟಕ್ಕೇನು ಅನ್ನುವ ಚಿಂತೆ ನಿಮಗಿರುತ್ತದೆ. ‘ಬೇರೆ ಕೆಲಸ ನೋಡಿ’ ಎಂದು ಹೇಳಿ ಕೈತೊಳೆದುಕೊಳ್ಳಲು ನನಗೆ ಮನಸ್ಸಿಲ್ಲ. ಹನ್ನೊಂದು ವರ್ಷ ಕಲ್ಲು ಕೂರಿಸಿದವರಿಗೆ ಅಳತೆ, ಲೆವೆಲ್, ಜೋಡಣೆ, ಯಾವ ಕಲ್ಲು ಎಲ್ಲಿ ಬಿರಿಯುತ್ತದೆ ಅನ್ನುವುದು ಎಲ್ಲ ಗೊತ್ತು. ಸೈಟಿಗೆ ಹೋಗಿ ಅಳತೆ ತೆಗೆಯುವುದು, ಅಂಗಡಿಗೆ ಆರ್ಡರ್ ಬರೆಸುವುದು, ಕೊಯ್ದು ಬಂದ ಕಲ್ಲು ಕೂರಿಸುವಾಗ ಉಸ್ತುವಾರಿ ನೋಡುವುದು, ಇವುಗಳಿಗೂ ಜನ ಬೇಕು. ಇಂಥ ಕೆಲಸ ಕೊಡಿ ಅಂತ ಮೇಸ್ತ್ರಿಯನ್ನು ಧೈರ್ಯವಾಗಿ ಕೇಳಿ. ಆದರೆ ಪಕ್ಕದಲ್ಲೇ ಇನ್ನೊಬ್ಬರು ಒಣಗಲ್ಲು ಕೊಯ್ಯುತ್ತಿದ್ದರೆ ಅಲ್ಲಿ ನಿಲ್ಲುವುದೂ ಅಪಾಯವೇ. ಕಲ್ಲು ಹೊರುವ ಭಾರದ ಕೆಲಸ ಈಗ ಬೇಡ.

ಮೈದುನನ ಬಗ್ಗೆ ಕೇಳಿದ್ದೀರಿ. ನನ್ನ ಮನೆಯ ಹುಡುಗನಾಗಿದ್ದರೆ ಒಣ ಕಟಿಂಗ್‌ಗೆ ಖಂಡಿತ ಕಳಿಸುತ್ತಿರಲಿಲ್ಲ. ಇನ್ನೂ ಶುರುವಾಗಿದೆ ಅಷ್ಟೇ, ಈಗ ಬಿಟ್ಟರೆ ಅವನಿಗೆ ನಷ್ಟ ಕಡಿಮೆ. ಟೈಲ್ಸ್ ಕೆಲಸಕ್ಕೆ ಹೋಗುತ್ತೇನೆ ಅಂದರೆ ಅಲ್ಲೂ ಇದೇ ಧೂಳು ಇದೆ ಅಂತ ಹೇಳಿ. ಪ್ಲಂಬಿಂಗ್, ವೈರಿಂಗ್, ಕಬ್ಬಿಣ ಕಟ್ಟುವ ಕೆಲಸ ಉತ್ತಮ. ಅವುಗಳಲ್ಲೂ ಗೋಡೆ ಕೊರೆಯುವಾಗ ನೀರು, ಮಾಸ್ಕ್ ಬೇಕು. ಇದೇ ಕೆಲಸ ಕಲಿಯುತ್ತೇನೆ ಅಂತ ಹಟ ಮಾಡಿದರೆ, ನೀರಿನ ಮಿಷಿನ್ ಇರುವ ಅಂಗಡಿಯಲ್ಲಿ ಮಾತ್ರ ಕಲಿಯಲಿ. ನೀವು ಆಸ್ಪತ್ರೆಗೆ ಹೋಗುವ ದಿನ ಅವನನ್ನೂ ಕರೆದುಕೊಂಡು ಹೋಗಿ. ಅವನದೂ ಒಂದು ಎದೆ ಎಕ್ಸ್‌ರೇ, ಒಂದು ಊದುವ ಪರೀಕ್ಷೆ ಆಗಲಿ, ದಿನಾಂಕ ಹಾಕಿಸಿ ಫೈಲ್‌ನಲ್ಲಿ ಇಡಿ. ಲೇಬರ್ ಕಾರ್ಡಿಗೆ 90 ದಿನ ತುಂಬಿದ ಕೂಡಲೇ ಅವನ ಹೆಸರಲ್ಲೂ ಅರ್ಜಿ ಹಾಕಿಸಿ.